ಅಣ್ಣನ ಜೋಡುಗೋಡೆ

ನನ್ನ ಅಣ್ಣ ಯಲ್ಲಪ್ಪ ಕಟ್ಟಿದ ಗೋಡೆಯಲ್ಲಿ ತಪ್ಪಿರಲಿಲ್ಲ. ಈ ಮಾತನ್ನು ಹೇಳಬಲ್ಲವನು ನಾನೊಬ್ಬನೇ ಇದ್ದೆ. ಹೇಳಬೇಕಾದ ದಿನ ಹೇಳಲಿಲ್ಲ. ಮರುದಿನ ಹೇಳಬಹುದಿತ್ತು, ಮರುವರ್ಷ ಹೇಳಬಹುದಿತ್ತು. ಆಗಲೂ ಬಾಯಿ ಬಿಡಲಿಲ್ಲ. ಹಾಗೆ ಸುಮ್ಮನಿದ್ದುಕೊಂಡೇ ನಾನು ಸರಕಾರಿ ಕೆಲಸದಲ್ಲಿ ಮಿಸ್ತ್ರಿಯಾದೆ, ಮುದುಕನಾದೆ, ಕೆಲಸದಿಂದ ಬಿಡುಗಡೆಯನ್ನೂ ಹೊಂದಿದೆ.

ಕಟ್ಟಡದ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರು ಆಗಾಗ ನಮ್ಮ ಕಟ್ಟೆಗೆ ಬಂದು, "ಕಾಕಾ, ಮೊದಲಿನ ಕಾಲದ ಕೆಲಸ ಹೆಂಗಿತ್ತು, ಹೇಳ್ರಿ" ಎನ್ನುತ್ತಾರೆ. ನಾನು ಎತ್ತುಗಳ ಕಥೆ, ಗಾಳಿಗೆ ಹಾರಿದ ಛಾವಣಿಯ ಕಥೆ ಹೇಳಿ ನಗಿಸಿ ಕಳಿಸುತ್ತಿದ್ದೆ. ಈಗ ಉಳಿದದ್ದನ್ನೂ ಬರೆಯುತ್ತಿದ್ದೇನೆ. ಕನ್ನಡ ಸಾಲೆಯಲ್ಲಿ ಮೂರನೆಯ ಇಯತ್ತೆಯವರೆಗೆ ಮಾತ್ರ ಕಲಿತವನು ನಾನು. ಬಿದಿರು ಸೀಳುವಾಗ ಓಡುವ ಕೈ ಬರೆಯುವಾಗ ಓಡುವುದಿಲ್ಲ. ಅದಕ್ಕೆ ಓದುವವರು ಸ್ವಲ್ಪ ತಾಳಿಕೊಳ್ಳಬೇಕು.

ನಾವು ಬೈಲಹೊಂಗಲದ ಮೇದಾರರು. ಬುಟ್ಟಿ, ಕಣಜ, ಗಾಡಿಯ ತಟ್ಟಿ ಹೆಣೆಯುವುದು ನಮ್ಮ ಮನೆತನದ ಉದ್ಯೋಗ. ಅಪ್ಪ ಬೇಗ ತೀರಿಕೊಂಡ. ನನ್ನನ್ನು ಸಾಲೆಗೆ ಹಾಕಿದವನೂ ಅಣ್ಣನೇ, ಹೊಟ್ಟೆಗೆ ಸಾಲದಾದಾಗ ಸಾಲೆ ಬಿಡಿಸಿ ಕೈಗೆ ಕತ್ತಿ ಕೊಟ್ಟವನೂ ಅಣ್ಣನೇ. ಕೊಡುವಾಗ ಅವನ ಕಣ್ಣಲ್ಲಿ ನೀರಿತ್ತು. ನನಗೆ ಮಾತ್ರ ಸಾಲೆ ತಪ್ಪಿದ್ದು ಹಬ್ಬವಾಗಿತ್ತು.

ನಮ್ಮ ಕಡೆಯ ಎರೆಮಣ್ಣು ನಿಮಗೆ ಗೊತ್ತೇ ಇದೆ. ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಹಿಟ್ಟಿನಂತೆ ಉಬ್ಬುತ್ತದೆ. ಅದರ ಮೇಲೆ ಮೊಳ ದಪ್ಪದ ಗೋಡೆ ಎಬ್ಬಿಸಿ, ಮಾಳಿಗೆಗೆ ಗಾಡಿಗಟ್ಟಲೆ ಮಣ್ಣು ಹೇರಿ, ಪ್ರತಿ ವರ್ಷ ಸೀಳಿದ ಗೋಡೆಗೆ ಮಣ್ಣು ಮೆತ್ತುವುದೇ ಬಡವರ ಬದುಕಾಗಿತ್ತು. ಅಣ್ಣನಿಗೆ ಇದನ್ನು ಕಂಡರೆ ಆಗುತ್ತಿರಲಿಲ್ಲ.

"ನೆಲಾ ಉಸರಾಡತೈತೋ ಪರಸ್ಯಾ" ಎಂದು ನನಗೆ ಹೇಳುತ್ತಿದ್ದ. "ಅದರ ಎದಿ ಮ್ಯಾಲ ಅಷ್ಟು ಭಾರ ಹೇರಿದ್ರ ಅದು ಒಗೀದ ಬಿಡತೈತೇನು? ಹಗೂರ ಮನಿ ಬೇಕು. ನೆಲದ ಕೂಡ ಏರಬೇಕು, ನೆಲದ ಕೂಡ ಇಳೀಬೇಕು."

ಹಗುರ ಮನೆ ಯಾವುದರಿಂದ? ರೈತ ಹೊಲದಲ್ಲಿ ಬಿಟ್ಟು ಬರುವುದರಿಂದ. ಹತ್ತಿ ಬಿಡಿಸಿದ ಮೇಲೆ ಕಿತ್ತು ಒಗೆಯುವ ಕಟ್ಟಿಗೆ, ತೆನೆ ಕೊಯ್ದುಳಿದ ಜೋಳದ ಕಣಿಕೆ, ಪುಂಡಿಯ ನಾರು, ಹೊಟ್ಟು. ಕಂಬಕ್ಕೆ ಜಾಲಿ, ತಟ್ಟಿಯ ಚೌಕಟ್ಟಿಗೆ ಬಿದಿರು. ಊರಿನವರು ನಗುತ್ತಿದ್ದರು. "ಯಲ್ಲಪ್ಪ ಮಂದಿಗೂ ಬುಟ್ಟಿ ಹೆಣಿಯಾಕ ಹತ್ಯಾನ. ಒಳಗ ಕುಂತು ಮ್ಯಾಲ ಮುಚ್ಚಳಾ ಹಾಕ್ಕೊಳ್ಳೂದು!"

ನಗದೆ ಕೇಳಿದವರು ಓವರ್ಸಿಯರ ರಾಯರು ಒಬ್ಬರೇ. ಅವರಿಗೆ ಸದಾ ಹಲ್ಲುನೋವು. ದವಡೆಯಲ್ಲಿ ಲವಂಗ ಇಟ್ಟುಕೊಂಡೇ ಮಾತನಾಡುವರು. ಅದರಿಂದ ಅವರು ಬೈದರೂ ಒಳ್ಳೆಯ ವಾಸನೆ ಬರುತ್ತಿತ್ತು. ರಸ್ತೆ ಕೆಲಸದ ಆಳುಗಳಿಗೆ ಜೋಪಡಿ ಬೇಕಾದಾಗ ಅವರು ಅಣ್ಣನನ್ನು ಕರೆಸಿ, "ನಿನ್ನ ತಲ್ಯಾಗಿಂದು ಏನೈತಿ ಅದನ್ನ ಇಲ್ಲಿ ಕಟ್ಟಿ ನೋಡು. ಬಿದ್ರ ಬೀಳ್ಲಿ" ಎಂದರು. ನಲವತ್ತು ವರ್ಷದ ಚಾಕರಿಯಲ್ಲಿ "ಬಿದ್ದರೆ ಬೀಳಲಿ" ಎಂದ ಮೇಲಧಿಕಾರಿಯನ್ನು ಮತ್ತೆ ನಾನು ಕಾಣಲಿಲ್ಲ.

ಮೊದಲನೆಯದು ಬಿದ್ದಿತು. ಗೋಡೆಗೆ ಜೋಳದ ಕಣಿಕೆ ಹಾಕಿದ್ದೆವು. ಕಲ್ಲು ಹೇರುವ ಗಾಡಿಗಳ ಎತ್ತುಗಳನ್ನು ಅಲ್ಲೇ ಕಟ್ಟಿದ್ದರು. ಮರುದಿನ ಬೆಳಿಗ್ಗೆ ರಾಯರು ಕುದುರೆಯಿಂದ ಇಳಿದು ಸುತ್ತಲೂ ನೋಡಿ ಕೇಳಿದರು:

"ಯಲ್ಲಪ್ಪಾ, ಮನಿ ಎಲ್ಲೆದ?"

"ಎತ್ತಿನ ಹೊಟ್ಟ್ಯಾಗ ಐತ್ರಿ ರಾಯರ."

ರಾಯರು ನಕ್ಕು ನಕ್ಕು ಲವಂಗ ನುಂಗಿಬಿಟ್ಟರು. ಅಂದಿನಿಂದ ಹತ್ತಿಕಟ್ಟಿಗೆ. ಅದಕ್ಕೆ ಯಾವ ದನವೂ ಬಾಯಿ ಹಾಕುವುದಿಲ್ಲ. ಆದರೆ ಗೆದ್ದಲು ಹಾಕಿತು. ತಟ್ಟಿಯನ್ನು ನೆಲಕ್ಕೆ ಮುಟ್ಟಿಸಿದ್ದೇ ತಪ್ಪಾಗಿತ್ತು. ಆಮೇಲೆ ಕೆಳಗೆ ಒಂದು ಸಾಲು ಕಲ್ಲು ಕೂರಿಸಿ, ಸುಣ್ಣದಲ್ಲಿ ಬೇವಿನ ಹಿಂಡಿ ಕಲಸಿ ಸಂದು ತುಂಬಿ, ಅದರ ಮೇಲೆ ತಟ್ಟಿ ನಿಲ್ಲಿಸಿದೆವು. ಗೆದ್ದಲೂ ಬರಲಿಲ್ಲ, ಹೆಗ್ಗಣವೂ ಕೊರೆಯಲಿಲ್ಲ. ಇನ್ನು ಮೆತ್ತುವ ಮಣ್ಣಿನ ಪಾಡು. ಎರೆಮಣ್ಣು ಒಣಗಿದರೆ ಹಪ್ಪಳದಂತೆ ಏಳುತ್ತಿತ್ತು. ಅದಕ್ಕೆ ಮದ್ದು ಕಂಡುಹಿಡಿದವಳು ಅಣ್ಣನ ಹೆಂಡತಿ ಗೌರವ್ವ. ಪಾಪಾಸುಕಳ್ಳಿಯನ್ನು ಕೊಚ್ಚಿ ನೀರಿನಲ್ಲಿ ನೆನೆಹಾಕಿ, ಅದರ ಲೋಳೆಯಲ್ಲಿ ಕೆಂಪು ಮಸಾರಿ ಮಣ್ಣು, ಹೊಟ್ಟು, ಸಗಣಿ ಕಲಸಿದಳು. ಹದ ಸಿಗುವವರೆಗೆ ಎಷ್ಟು ಗಡಿಗೆ ಕೆಡಿಸಿದಳೋ. ಅವಳು ಮೆತ್ತಿದ ಗೋಡೆಯ ಮೇಲೆ ಮಳೆನೀರು ಕೆಸುವಿನ ಎಲೆಯ ಮೇಲೆ ಜಾರಿದಂತೆ ಜಾರುತ್ತಿತ್ತು. ಅತ್ತಿಗೆ ಬಾಯಿ ಜೋರು. "ನಿಮ್ಮಣ್ಣ ಎಲಬು ಮಾಡತಾನ, ತೊಗಲ ಹಚ್ಚಾಕಿ ನಾನು. ನೀ ಏನ ಮಾಡ್ತಿ ಮೈದುನಾ, ಮೂಗು ಕೊರದ ಕೊಡತೀ?" ಎಂದು ನನ್ನನ್ನು ಕಾಡುವಳು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಕೆಲಸ ಕಲಿಯುವವರು ಇದನ್ನು ಮರೆಯಬಾರದು. ಅಣ್ಣನದೊಂದು ಕಟ್ಟುನಿಟ್ಟಿತ್ತು. ಕಟ್ಟಿಗೆ ಹೊಲದಿಂದಲೇ ಬರಬೇಕು, ಬಿಸಿಲಿಗೆ ಹರವಿ ಒಣಗಿಸಬೇಕು, ಒಂದೊಂದು ಹೊರೆಯನ್ನೂ ಬಿಚ್ಚಿ ಕಲ್ಲಿಗೆ ಬಡಿದು ನೋಡಬೇಕು. ಯಾರದೋ ಮನೆಯ ಅಟ್ಟದಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ ಬಿದ್ದದ್ದನ್ನು ಅವನು ಮುಟ್ಟುತ್ತಿರಲಿಲ್ಲ. ಚೇಳು, ಹುಳ, ಇಲಿ ಎಲ್ಲ ಅದರೊಳಗೆ ಸಂಸಾರ ಹೂಡಿರುತ್ತವೆ ಎನ್ನುತ್ತಿದ್ದ.

ಕಿತ್ತೂರಿನಲ್ಲಿ ತಾತ್ಕಾಲಿಕ ದವಾಖಾನೆಯ ಚಪ್ಪರ ಕಟ್ಟಿದ್ದು ನೆನಪಾಗುತ್ತದೆ. ಅಲ್ಲಿ ಕಾಡಿನ ಬಿದಿರು ಒಳ್ಳೆಯದು ಸಿಗುತ್ತಿತ್ತು, ಹುಲ್ಲೂ ಉದ್ದ. ನಾವು ಮಾಡನ್ನು, ಅಂದರೆ ಹುಲ್ಲಿನ ಛಾವಣಿಯನ್ನು, ಗೋಡೆಗೆ ಕಟ್ಟಿದೆವು. ಮುಂಗಾರಿನ ಮೊದಲ ಗಾಳಿಗೆ ಮಾಡು ಅನಾಮತ್ತಾಗಿ ಎದ್ದು ಕೆರೆಯಲ್ಲಿ ಹೋಗಿ ಕುಳಿತಿತು. ಒಳಗೆ ಮಲಗಿದ್ದ ಒಬ್ಬ ಮುದುಕ ರೋಗಿ, "ಹಾರೂದ ಇದ್ರ ನನ್ನೂ ಕರಕೊಂಡ ಹೋಗಬೇಕಾಗಿತ್ತು, ತಂಪಗ ಇರತಿದ್ನಿ" ಎಂದ. ಮಾಡನ್ನು ಕಂಬಕ್ಕೇ ಕಟ್ಟಬೇಕು, ನಾರನ್ನು ಹಸಿಯಿದ್ದಾಗಲೇ ಬಿಗಿಯಬೇಕು, ಒಣಗಿದಂತೆ ಅದು ತಾನೇ ಕಚ್ಚುತ್ತದೆ ಎಂಬುದನ್ನು ಅಲ್ಲಿ ಕಲಿತೆವು.

ಜೋಡುಗೋಡೆ ಹುಟ್ಟಿದ್ದು ಸವದತ್ತಿಯಲ್ಲಿ, ನನ್ನ ದಡ್ಡತನದಿಂದ. ಗುಡ್ಡದ ಬುಡದಲ್ಲಿ ಒಂದು ಕೋಣೆ ಕಟ್ಟುತ್ತಿದ್ದೆವು. ಸುತ್ತಲೂ ಬಂಡೆ, ಬೇಸಿಗೆಯಲ್ಲಿ ಕಾವಲಿಯ ಮೇಲೆ ಕುಳಿತಂತೆ. ಒಂದು ಗೋಡೆ ಸೊಟ್ಟಗಾಗಿತ್ತು. ಅದರ ಒಳಬದಿಗೆ ಇನ್ನೊಂದು ತಟ್ಟಿ ಕೂಡಿಸಿ ಮುಚ್ಚು ಎಂದು ಅಣ್ಣ ಹೇಳಿ ಹೋದ. ನಾನು ಅಳತೆ ತಪ್ಪಿ ಸಣ್ಣದು ಹೆಣೆದೆ. ಅದು ಹೊರಗಿನ ತಟ್ಟಿಯ ಸೊಟ್ಟಕ್ಕೆ ಬಾಗಿ ಮುಟ್ಟದೆ ನೆಟ್ಟಗೆ ನಿಂತು, ನಡುವೆ ಗೇಣು ಸಂದು ಉಳಿಯಿತು. ಬೈಸಿಕೊಳ್ಳುತ್ತೇನೆಂದು ಹೆದರಿ ಹಾಗೇ ಮಣ್ಣು ಮೆತ್ತಿಬಿಟ್ಟೆ. ಮಣ್ಣು ಒಣಗಿದ ಮೇಲೆ ಒಂದು ಮಧ್ಯಾಹ್ನ ಅಣ್ಣ ಒಳಗೆ ಬಂದವನು ಆ ಗೋಡೆಯ ಪಕ್ಕದಲ್ಲೇ ನಿಂತುಬಿಟ್ಟ. ಅಂಗೈ ಇಟ್ಟ, ಕೆನ್ನೆ ಇಟ್ಟ. ಉಳಿದ ಮೂರೂ ಗೋಡೆ ಸುಡುತ್ತಿದ್ದವು, ಇದು ತಣ್ಣಗಿತ್ತು.

"ಏನ ಮಾಡಿದೆಲೇ ಇದಕ?"

"ತಪ್ಪ ಆತೋ ಯಣ್ಣಾ. ಒಳಗ ಟೊಳ್ಳು ಉಳೀತು."

ಅವನು ಬೈಯಲಿಲ್ಲ. ನನ್ನ ತಲೆಯನ್ನು ಎದೆಗೆ ಒತ್ತಿಕೊಂಡ. ಮುಂದೆ ಯಾರು ಕೇಳಿದರೂ, "ಇದು ನಮ್ಮ ಪರಸ್ಯಾನ ಗ್ವಾಡಿರಿ, ನಂದಲ್ಲ" ಎಂದೇ ಹೇಳುತ್ತಿದ್ದ. ನನ್ನದೊಂದು ತಪ್ಪು ನನಗೆ ಹೆಸರು ತಂದುಕೊಟ್ಟಿತು. ಇನ್ನೊಂದು ತಪ್ಪನ್ನು ಅವನು ಹೊರಬೇಕಾಯಿತು.

ಆಮೇಲೆ ಪ್ಲೇಗಿನ ಕಾಲ ಬಂತು. ಮನೆಯಲ್ಲಿ ಇಲಿ ಬಿದ್ದು ಸತ್ತರೆ ಸಾಕು, ನೋಡಿದವರು ಕೂಗಿ ಹೇಳಬೇಕು. ಊರಿಗೆ ಊರೇ ಗಂಟುಮೂಟೆ ಕಟ್ಟಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳಬೇಕು. ಬಿಟ್ಟ ಊರಿನೊಳಗೆ ಕಾಲಿಡುವಂತಿಲ್ಲ, ಅಲ್ಲಿಯ ಒಂದು ಕಡ್ಡಿಯನ್ನೂ ಹೊರಗೆ ತರುವಂತಿಲ್ಲ. ಇದು ಹಸುಗೂಸಿಗೂ ಗೊತ್ತಿತ್ತು.

ನೇಸರಗಿಯವರು ಊರು ಬಿಟ್ಟು ಹೊರಗೆ ಬಂದಿದ್ದರು. ಡೇರೆಯಲ್ಲಿ ಇದ್ದವರು ಬಿಸಿಲಿಗೆ ಬೇಯುತ್ತಿದ್ದರು, ಹುಲ್ಲಿನ ಗುಡಿಸಲಲ್ಲಿ ಇದ್ದವರಿಗೆ ಬೆಂಕಿಯ ಹೆದರಿಕೆ. ರಾಯರು ಅಣ್ಣನನ್ನು ಕರೆಸಿದರು. "ನಿನ್ನ ಜೋಡುಗೋಡೀದು ಒಂದು ಮನಿ ಕಟ್ಟು. ದೊಡ್ಡ ಸಾಹೇಬರನ್ನ ಕರಕೊಂಡು ಬರತೇನಿ. ಅವರ ಮನಸ್ಸಿಗೆ ಬಂದ್ರ ಎಲ್ಲಾ ಕ್ಯಾಂಪಿನೊಳಗೂ ಇದಽ ಆಗತದ, ಯಲ್ಲಪ್ಪಾ."

ಅಣ್ಣ ಆ ಮನೆಯ ಮೇಲೆ ಜೀವವನ್ನೇ ಸುರಿದ. ಮಾಡು ಪೆಟ್ಟಿಗೆಯ ಮುಚ್ಚಳದಂತೆ ಏಳುತ್ತಿತ್ತು. ಹಗಲು ಎತ್ತಿ ಇಟ್ಟರೆ ಒಳಗೆಲ್ಲ ಬಿಸಿಲು ಬೀಳುವುದು. ರೋಗದ ಗಾಳಿ ಬಿಸಿಲಿಗೆ ಸಾಯುತ್ತದೆಂದು ಆಗ ಡಾಕ್ಟರರೂ ಹೇಳುತ್ತಿದ್ದರು. ಮೂರು ಗೋಡೆ ಮುಗಿದವು. ಮೂಡಲ ಗೋಡೆಗೆ ಹತ್ತಿಕಟ್ಟಿಗೆ ಸಾಲಲಿಲ್ಲ. ಸುತ್ತಲಿನ ಹೊಲದವರೆಲ್ಲ ಆಗಲೇ ಒಲೆಗೆಂದು ಒಯ್ದುಬಿಟ್ಟಿದ್ದರು.

"ಇರ್ಲಿ ಬಿಡು" ಎಂದ ಅಣ್ಣ. "ಒಂದ ಗ್ವಾಡಿ ಬಿಚ್ಚೇ ಇರ್ಲಿ. ಒಳಗ ಹೆಂಗ ಹೆಣದೇವಿ ಅಂತ ಸಾಹೇಬರಿಗಿ ಕಾಣತೈತಿ."

ಈಗ ಯೋಚಿಸಿದರೆ ಎಂಥ ಒಳ್ಳೆಯ ಮಾತು ಅನಿಸುತ್ತದೆ. ಆಗ ನನಗೆ ಅವಮಾನವಾಯಿತು. ಡೇರೆಯ ಕೆಲಸದವರು ಬಂದು, "ಮೇದಾರರ ಮನಿಗೆ ಮೂರಽ ಗ್ವಾಡಿ ಏನೋ? ನಾಲ್ಕನೇದು ವರದಕ್ಷಿಣಿಗೆ ಕೊಟ್ರ್ಯಾ?" ಎಂದು ಅಣಕಿಸುತ್ತಿದ್ದರು. ನನಗೆ ಇಪ್ಪತ್ತು ತುಂಬಿತ್ತು, ರಕ್ತ ಬಿಸಿಯಿತ್ತು. ಅಣ್ಣ ಸುಣ್ಣ ತರಲು ಹೋದಾಗ ನಾನು ಹಿಂದಿನ ಹಳ್ಳದ ದಾರಿ ಹಿಡಿದು ಬಿಟ್ಟ ಊರಿನೊಳಗೆ ಹೋದೆ. ಒಂದು ಕೊಟ್ಟಿಗೆಯ ಅಟ್ಟದಲ್ಲಿ ಹತ್ತಿಕಟ್ಟಿಗೆಯ ಹೊರೆಗಳು ಚೆಂದವಾಗಿ ಒಟ್ಟಿದ್ದವು. ಸಾಕಾಗುವಷ್ಟನ್ನು ಹೊತ್ತು ತಂದೆ. ಊರಿನೊಳಗೆ ನಾಯಿಯ ಸದ್ದೂ ಇರಲಿಲ್ಲ.

ಬಿಸಿಲಿಗೆ ಹರವಲಿಲ್ಲ, ಬಡಿಯಲಿಲ್ಲ. ಸಾಹೇಬರು ಮರುದಿನ ಬರುವವರಿದ್ದರು. ಹೊರಗಿನ ತಟ್ಟಿ ಹೆಣೆದು ನಿಲ್ಲಿಸಿ, ಒಳಗಿನದಕ್ಕೆಂದು ಕೊನೆಯ ಹೊರೆ ಬಿಚ್ಚಿದೆ. ಸತ್ತ ಇಲಿಯೊಂದು ಕಾಲಬಳಿ ಬಿತ್ತು. ಇನ್ನೂ ಮೆತ್ತಗಿತ್ತು. ಅಷ್ಟರಲ್ಲಿ ಅಣ್ಣ ಸುಣ್ಣದ ಬುಟ್ಟಿ ಹೊತ್ತು ಬರುವುದು ಕಂಡಿತು. ಕೂಗಿ ಹೇಳಬೇಕಾಗಿತ್ತು. ಹೇಳಿದ್ದರೆ ಎಲ್ಲಿಂದ ತಂದೆ ಎನ್ನುವುದು ಹೊರಬೀಳುತ್ತಿತ್ತು, ಮನೆಯನ್ನು ಅಂದೇ ಸುಡುತ್ತಿದ್ದರು, ಸಾಹೇಬರು ಬರುತ್ತಿರಲಿಲ್ಲ. ಇದನ್ನೆಲ್ಲ ಆಗಲೇ ಯೋಚಿಸಿದೆನೆಂದು ಹೇಳಿದರೆ ಸುಳ್ಳಾದೀತು. ಕೈ ತಾನಾಗಿ ಮಾಡಿತು. ಕಡ್ಡಿಯಿಂದ ಅದನ್ನೆತ್ತಿ ಎರಡು ತಟ್ಟಿಗಳ ನಡುವಿನ ಸಂದಿನೊಳಗೆ ಬಿಟ್ಟೆ. ಒಳಗಿನ ತಟ್ಟಿಯನ್ನು ಅದರ ಮೇಲೆ ಹೆಣೆದು ಮುಗಿಸಿದೆ.

ಅತ್ತಿಗೆ ಮಣ್ಣಿನ ಗಡಿಗೆ ತಂದಿಟ್ಟಳು. "ಎಲ್ಲಿಂದ ತಂದಿಯೋ ಮಾರಾಯಾ ಇಂಥಾ ಕಟಗಿ? ಎಲಬಿನಂಗ ಒಣಗ್ಯಾವು."

"ಗೌಡರ ಹೊಲದಾಗ ಇದ್ದು, ವೈನಿ." ಅಣ್ಣನಿಗೂ ಇದನ್ನೇ ಹೇಳಿ, ಬಡಿದು ನೋಡಿದ್ದೇನೆ ಎಂದು ನಂಬಿಸಿದ್ದೆ.

"ಗೌಡ್ರು ಕೊಟ್ರು? ಆ ಮನಶಾ ಎಂಜಲಾ ಕೈಲೇ ಕಾಗೀನೂ ಓಡಸೂದಿಲ್ಲ!"

ನಗುತ್ತಲೇ ಸೀರೆಯ ಸೆರಗು ಕಟ್ಟಿಕೊಂಡು, ಬರಿಗೈಯಿಂದ ಆ ಕಟ್ಟಿಗೆಯ ಸಂದುಸಂದಿಗೆ ಮಣ್ಣು ಒತ್ತಿ ಒತ್ತಿ ಮೆತ್ತಿದಳು. ತೋಳಿನವರೆಗೆ ಕೈ ಹಾಕಿ ಮೆತ್ತುವುದು ಅವಳ ರೂಢಿ. ನಾನು ಅಲ್ಲೇ ನಿಂತು ಮಣ್ಣು ಕೊಡುತ್ತಿದ್ದೆ. ಇಲಿ ಸತ್ತ ಮೇಲೆ ಅದರ ಮೈಮೇಲಿನ ಚಿಗಟಗಳು ಬೇರೆ ಮೈ ಹುಡುಕುತ್ತವೆಂದು ಡಾಕ್ಟರೊಬ್ಬರು ಹೇಳಿದ್ದನ್ನು ನಾನು ಕೇಳಿದ್ದು ಎಷ್ಟೋ ವರ್ಷಗಳಾದ ಮೇಲೆ. ಆದರೆ ಗೊತ್ತಿರಲಿಲ್ಲ ಎಂದು ನಾನು ತಪ್ಪಿಸಿಕೊಳ್ಳಲಾರೆ. ಬಿದ್ದ ಇಲಿಯ ಹತ್ತಿರ ಮನುಷ್ಯರನ್ನು ಬಿಡಬಾರದೆಂಬುದು ಅಂದೂ ಗೊತ್ತಿತ್ತು.

ಸಾಹೇಬರು ಬಂದರು. ಮಧ್ಯಾಹ್ನದ ಬಿಸಿಲಲ್ಲಿ ಡೇರೆಯಿಂದ ಎದ್ದು ಬಂದು ಈ ಮನೆಯೊಳಗೆ ಕುಳಿತರು, ಟೊಪ್ಪಿಗೆ ತೆಗೆದರು, ಎದ್ದು ಹೋಗಲು ಮನಸ್ಸೇ ಮಾಡಲಿಲ್ಲ. ಗೋಡೆಗೆ ಬೆರಳಿನಿಂದ ಬಡಿದು ಕಿವಿಗೊಟ್ಟು ಕೇಳಿದರು. ರಾಯರು ಅವರ ಇಂಗ್ಲಿಷನ್ನು ನಮಗೆ ತಿಳಿಸಿ ಹೇಳಿದರು: "ಇನ್ನ ಮ್ಯಾಲೆ ಕ್ಯಾಂಪಿನ ಎಲ್ಲಾ ಮನಿಗಳೂ ಹಿಂಗಽ ಆಗಬೇಕಂತ. ಯಲ್ಲಪ್ಪಾ, ಎಲ್ಲಾದಕ್ಕೂ ನೀನಽ ಮುಂದ ನಿಂದರಬೇಕು." ಅಣ್ಣ ಕೈಮುಗಿದ. ಅತ್ತಿಗೆ ಮಗಳು ನೀಲವ್ವನನ್ನು ಎತ್ತಿಕೊಂಡು ದೂರದಲ್ಲಿ ನಿಂತು ನೋಡುತ್ತಿದ್ದಳು. ಅಣ್ಣ ಅಷ್ಟು ಸಂತೋಷದಲ್ಲಿ ಇದ್ದದ್ದನ್ನು ನಾನು ನೋಡಿದ್ದು ಅದೇ ಕೊನೆಯ ಸಲ.

ಕೆಲವೇ ದಿನಗಳಲ್ಲಿ ಅತ್ತಿಗೆಗೆ ಜ್ವರ ಬಂತು. ಕಂಕುಳಲ್ಲಿ ಗಂಟು ಎದ್ದಿತು. ರೋಗಿಗಳ ಚಪ್ಪರಕ್ಕೆ ಒಯ್ದರು. ಹೊರಗೆ ನಿಂತಿದ್ದ ನಮ್ಮನ್ನು ಕಂಡು ಅವಳು ಹೇಳಿದ್ದು ಒಂದೇ ಮಾತು. "ಮೂಡಲ ಗ್ವಾಡಿಗೆ ನೀರ ಹೊಡದ್ರ್ಯಾ? ಹಸಿ ಐತಿ, ಸೀಳತೈತಿ." ನಾನು ಹೋಗಿ ನೀರು ಹೊಡೆದೆ. ಇಲಿಯಿದ್ದ ಗೋಡೆಗೆ, ಅವಳು ಹೇಳಿದಳೆಂದು, ಕೊಡ ಹಿಡಿದು ನೀರು ಚಿಮುಕಿಸಿದೆ. ಅವಳು ಉಳಿಯಲಿಲ್ಲ.

ಕ್ಯಾಂಪಿನಲ್ಲಿ ಆ ದಿನಗಳಲ್ಲಿ ಹೊಸದಾಗಿ ಬೇರೆ ಯಾರಿಗೂ ಜ್ವರ ಬಂದಿರಲಿಲ್ಲ. ಕ್ಯಾಂಪಿನ ಡಾಕ್ಟರರು ಅವಳು ಮಣ್ಣು ಮೆತ್ತಿದ ಮನೆಯನ್ನು ಪರೀಕ್ಷಿಸಬೇಕೆಂದರು. ಗೋಡೆಗಳನ್ನು ಒಡೆಯಲು ಹೇಳಿದಾಗ ಅಣ್ಣ ಬೇರೆಯವರಿಗೆ ಹಾರೆ ಕೊಡಲಿಲ್ಲ, ತಾನೇ ಒಡೆದ. ಮೂರು ಗೋಡೆಯಲ್ಲಿ ಏನೂ ಇರಲಿಲ್ಲ. ನಾಲ್ಕನೆಯದರಿಂದ ಅದು ಬಿತ್ತು. ಸುತ್ತಲಿದ್ದವರೆಲ್ಲ ಹಿಂದಕ್ಕೆ ಸರಿದರು.

"ನೋಡ್ರಿ ಇಲ್ಲೆ" ಎಂದರು ಡಾಕ್ಟರರು. "ನಡುವ ಟೊಳ್ಳು ಬಿಟ್ರ ಇಲಿ ಮನಿ ಮಾಡದ ಬಿಡತಾವೇನು?"

ಅವರು ಕಂಡದ್ದನ್ನು ಹೇಳಿದರು, ಅವರದೇನೂ ತಪ್ಪಿಲ್ಲ. ಅಣ್ಣ ಹಾರೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದ. "ಕೆಳಗ ಹಿಂಡಿ ಸುಣ್ಣಾ ತುಂಬಿ ಮುಚ್ಚಿದ್ದಿವೆಲ್ಲೋ ಪರಸ್ಯಾ? ಎಲ್ಲಿಂದ ಹೊಕ್ಕತೋ ಇದು?"

ಆಗ ಅವನು ನನ್ನನ್ನು ಸಂಶಯದಿಂದ ಕೇಳಲಿಲ್ಲ. ಕೆಲಸದವನು ಕೆಲಸದವನನ್ನು ಕೇಳುವಂತೆ ಕೇಳಿದ. ನಾನು ಹೇಳಿದೆ:

"ಗೊತ್ತಿಲ್ಲೋ ಯಣ್ಣಾ."

ಇಷ್ಟೇ. ನನ್ನ ಇಡೀ ಚಾಕರಿ ಈ ಒಂದು ಉತ್ತರದ ಮೇಲೆ ನಿಂತಿತ್ತು.

ಮನೆಗೆ ಬೆಂಕಿ ಇಟ್ಟವನೂ ಅಣ್ಣನೇ. ಸಾಹೇಬರ ಅಪ್ಪಣೆ ರದ್ದಾಯಿತು. ರಾಯರಿಗೆ ಬೇರೆ ಕಡೆ ವರ್ಗವಾಯಿತು. ಹೋಗುವ ಮುನ್ನ ಅವರು ಅಣ್ಣನ ಕೈ ಹಿಡಿದುಕೊಂಡು, "ತಪ್ಪು ನಂದು, ಯಲ್ಲಪ್ಪಾ. ಪೂರಾ ನೋಡದಽ ನಾನಽ ಅವಸರ ಮಾಡಿದೆ" ಎಂದರು. ಅಣ್ಣ, "ಇಲ್ರಿ, ಟೊಳ್ಳು ಬಿಟ್ಟಾವ ನಾನು" ಎಂದ. ತಪ್ಪು ಮಾಡದ ಇಬ್ಬರೂ ಅದನ್ನು ತಮ್ಮ ಕಡೆ ಎಳೆದುಕೊಳ್ಳುತ್ತಿದ್ದರು. ಸವದತ್ತಿಯ ಆ ಗೋಡೆಯನ್ನು ನನ್ನದೆಂದು ಹೇಳುತ್ತಿದ್ದವನು ಈಗ ಮಾತ್ರ ಅದು ತನ್ನದೆಂದ. ನಾನು ಪಕ್ಕದಲ್ಲಿ ನಿಂತು ಕೇಳಿಸಿಕೊಂಡೆ.

ಅಣ್ಣ ನೀಲವ್ವನನ್ನು ಕರೆದುಕೊಂಡು ಸುರೇಬಾನಕ್ಕೆ ಹೋದ. ಅದು ಅತ್ತಿಗೆಯ ತವರೂರು. ಅಲ್ಲಿ ಬುಟ್ಟಿ ಹೆಣೆದು ಬದುಕಿದ. ಗೋಡೆಯ ತಟ್ಟಿಯನ್ನು ಮತ್ತೆ ಕೈಯಿಂದ ಮುಟ್ಟಲಿಲ್ಲ.

ನಾನು ಕೆಲಸದಲ್ಲಿ ಉಳಿದೆ. ಮುಂದೆ ತಗಡಿನ ಕಾಲ ಬಂತು. ಹೊಸ ಸಾಹೇಬರೊಬ್ಬರಿಗೆ ತಗಡೆಂದರೆ ಪ್ರಾಣ. ಸಾಲೆಗೂ ತಗಡು, ಚಾವಡಿಗೂ ತಗಡು. "ಇಲಿ ಇಲ್ಲ, ಗೆದ್ದಲು ಇಲ್ಲ" ಎನ್ನುವರು. ನಿಜ, ಬೇಸಿಗೆಯಲ್ಲಿ ಅದರೊಳಗೆ ಯಾವ ಜೀವಿಯೂ ಇರುವಂತಿರಲಿಲ್ಲ. ಯರಗಟ್ಟಿಯ ಒಂದು ಸಾಲೆಗೆ ನಾನೇ ನಿಂತು ತಗಡಿನ ಗೋಡೆ, ತಗಡಿನ ಮಾಡು ಹೊಡೆಸಿದೆ. ಬೇಸಿಗೆಯಲ್ಲಿ ರಿಪೇರಿಗೆ ಹೋದಾಗ ನೋಡಿದರೆ ಮಕ್ಕಳು ತಲೆಯ ಮೇಲೆ ಒದ್ದೆ ಅರಿವೆ ಹಾಕಿಕೊಂಡು ಕುಳಿತಿದ್ದವು. ಮಾಸ್ತರರು ನನ್ನನ್ನು ಹೊರಗೆ ಕರೆದು, "ಮಿಸ್ತ್ರೀ, ಇದಕ್ಕ ಏನಾರ ಉಪಾಯ ಅದ ಏನ್ರಿ? ಹುಡುಗರು ತಲಿ ತಿರುಗಿ ಬೀಳಾಕ ಹತ್ಯಾವು" ಎಂದರು.

ಉಪಾಯವಿತ್ತು. ತಗಡಿನ ಒಳಗೆ ಗೇಣು ಬಿಟ್ಟು ಹತ್ತಿಕಟ್ಟಿಗೆಯ ತಟ್ಟಿ ನಿಲ್ಲಿಸಿ ಮಣ್ಣು ಮೆತ್ತಿದ್ದರೆ ಸಾಕಾಗುತ್ತಿತ್ತು. ಹೊಲದಲ್ಲಿ ಕಟ್ಟಿಗೆ ಕಣ್ಣೆದುರೇ ಬಿದ್ದಿತ್ತು. ಆದರೆ ಜೋಡುಗೋಡೆಯ ಹೆಸರೆತ್ತಿದರೆ ನೇಸರಗಿಯ ಮಾತು ಬರುತ್ತದೆ, ನೇಸರಗಿಯ ಮಾತು ಬಂದರೆ ನಾನು ಮತ್ತೊಮ್ಮೆ ಸುಳ್ಳು ಹೇಳಬೇಕು. "ಏನೂ ಇಲ್ರಿ ಮಾಸ್ತರ. ನಾಕ ಬೇವಿನ ಗಿಡಾ ಹಚ್ರಿ" ಎಂದು ಹೇಳಿ ಬಂದೆ.

ಇದಕ್ಕಿಂತ ಕೆಟ್ಟದ್ದು ರಾಮದುರ್ಗದಲ್ಲಿ ಆಯಿತು. ಓದಿ ಬಂದ ಒಬ್ಬ ಸಣ್ಣ ವಯಸ್ಸಿನ ಇಂಜಿನಿಯರು ನನ್ನನ್ನು ಹುಡುಕಿಕೊಂಡು ಬಂದ. ಮುದುಕರಾಗಿದ್ದ ಓವರ್ಸಿಯರ ರಾಯರು ಎಲ್ಲೋ ಅವನಿಗೆ ಸಿಕ್ಕು, ಯಲ್ಲಪ್ಪನ ಗೋಡೆಯ ಬಗ್ಗೆ ಹೇಳಿದ್ದರಂತೆ. "ಅವರು ಇನ್ನೂ ಇದ್ದಾರೇನ್ರಿ? ಅವರ ಕೈಯಾಗ ಕುಂತು ಕಲೀಬೇಕು ಅಂತ ಬಂದೇನಿ. ತಗಡು ಬಡವರ ಮನಿಗೆ ಆಗೂದಿಲ್ಲ" ಎಂದ. ಸುರೇಬಾನ ಅಲ್ಲಿಂದ ಹತ್ತಿರದ ಹಾದಿ. ಒಂದು ಮಾತು ಸಾಕಾಗಿತ್ತು.

"ಅದು ಇಲಿ ಸಾಕೂ ಮನಿರಿ" ಎಂದೆ. "ಅದರೊಳಗ ನಮ್ಮ ವೈನಿ ಹೋದಳು. ನಮ್ಮಣ್ಣನ ಮುಂದ ಆ ಮಾತ ತಗೀಬ್ಯಾಡ್ರಿ."

ಆ ಹುಡುಗ ಕಣ್ಣು ತಗ್ಗಿಸಿ, ನನ್ನ ಭುಜದ ಮೇಲೆ ಕೈಯಿಟ್ಟು ಸಮಾಧಾನ ಹೇಳಿ ಹೊರಟುಹೋದ. ಅಲ್ಲಿಯವರೆಗೆ ನಾನು ಸುಮ್ಮನಿದ್ದವನು. ಅಂದು ನನ್ನ ಬಾಯಿಂದಲೇ ಅಣ್ಣನ ಕೆಲಸವನ್ನು ಕೊಂದೆ. ಆಮೇಲೆ ಅದನ್ನು ಕಲಿಯಲು ಯಾರೂ ಬರಲಿಲ್ಲ.

ಬಡ್ತಿಗಳು ಬಂದವು, ಅವನ್ನು ಬರೆಯುವುದಿಲ್ಲ. ನನಗೆ ಗೊತ್ತಿರುವ ಕೆಲಸವನ್ನಷ್ಟು ಮೇಲೆ ಬರೆದಿದ್ದೇನೆ. ಕಲ್ಲಿನ ಸಾಲು, ಬೇವಿನ ಹಿಂಡಿಯ ಸುಣ್ಣ, ಕಳ್ಳಿಯ ಲೋಳೆ, ಹಸಿ ನಾರಿನ ಬಿಗಿ, ನಡುವಿನ ಗೇಣು ಟೊಳ್ಳು. ಯಾರಾದರೂ ಕಟ್ಟಿ ನೋಡಬೇಕೆಂದು ಕೇಳಿಕೊಳ್ಳುವ ಧೈರ್ಯ ನನಗಿಲ್ಲ. ಕಟ್ಟುವುದಾದರೆ ಕಟ್ಟಿಗೆಯನ್ನು ಹೊಲದಿಂದ ತನ್ನಿರಿ.

ನಾನು ಕೆಲಸ ಬಿಟ್ಟು ಮನೆಯಲ್ಲಿ ಕುಳಿತ ಮೇಲೆ, ಒಂದು ದಿನ ನೀಲವ್ವ ಮೋಟಾರು ಹತ್ತಿ ಬೈಲಹೊಂಗಲಕ್ಕೆ ಬಂದಳು. ಅವಳೂ ಈಗ ಮಕ್ಕಳ ತಾಯಿ. ಅವಳ ಮಾತು ಅತ್ತಿಗೆಯ ಹಾಗೆಯೇ ಜೋರು, ಆದರೆ ಅಂದು ದನಿ ಉಡುಗಿತ್ತು.

"ಕಾಕಾ, ಆಕಳ ಬಿಸಲಿಗಿ ತೇಕತಿದ್ದು ಅಂತ ಕೊಟ್ಟಗಿಗೆ ಎರಡ ತಟ್ಟಿ ಹೆಣದು ನಿಲ್ಲಿಸಿದ್ನಿ, ನಡುವ ಸಂದು ಬಿಟ್ಟು. ಯಾರೋ ಹೇಳಿದ್ರು, ನಿಮ್ಮಪ್ಪ ಹಿಂಗಽ ಕಟ್ಟತಿದ್ದ ಅಂತ. ಅಪ್ಪ ಕುಡಗೋಲ ತಗೊಂಡು ಬಂದು ಕಡದ ಒಗದ. ಕಣ್ಣ ಸರಿ ಕಾಣೂದಿಲ್ಲ, ಕೈ ನಡಗತಾವು, ಆದ್ರೂ ಕಡದ. 'ನಿಮ್ಮವ್ವನ್ನ ಕೊಂದದ್ದು ಸಾಲಲಿಲ್ಲೇನು ಈ ಗ್ವಾಡಿಗೆ' ಅಂದ. ಊಟಾ ಬಿಟ್ಟಾನ. ನಿಮ್ಮ ಮಾತ ಅಂದ್ರ ಕೇಳತಾನ. ಬಂದು ಒಂದ ಮಾತ ಹೇಳ್ರಿ."

ಅವಳ ಜೊತೆಗೇ ಹೊರಟೆ. ದಾರಿಯುದ್ದಕ್ಕೂ, ಬರಿ ಸಮಾಧಾನದ ನಾಲ್ಕು ಮಾತು ಹೇಳಿ ಬಂದರಾಯಿತು ಎಂದೇ ನಾನು ಅಂದುಕೊಳ್ಳುತ್ತಿದ್ದೆ. ಇದನ್ನು ಮುಚ್ಚಿಡುವುದಿಲ್ಲ.

ಅಣ್ಣ ಅಂಗಳದಲ್ಲಿ ಕುಳಿತು ಬಿದಿರು ಸೀಳುತ್ತಿದ್ದ. ಕಡಿದ ತಟ್ಟಿಯ ಚೂರುಗಳು ಅವನ ಸುತ್ತಲೂ ಬಿದ್ದಿದ್ದವು, ಯಾರೂ ಗುಡಿಸಿರಲಿಲ್ಲ. ನನ್ನ ಹೆಜ್ಜೆಯ ಸದ್ದಿಗೇ ಗುರುತು ಹಿಡಿದ.

"ಬಾರೋ ಮಿಸ್ತ್ರಿ. ನಿಮ್ಮ ತಗಡ ಹೊತಗೊಂಡ ಬಂದ್ಯಾ? ನಮ್ಮ ನೀಲವ್ವಗ ಕೊಟ್ಟಗಿ ಕಟ್ಟಿ ಕೊಡು. ಹಾಳಾದ ತಟ್ಟಿ ಬ್ಯಾಡ."

ನಾನು ಅವನೆದುರು ನೆಲದ ಮೇಲೆ ಕುಳಿತೆ. ಒಂದು ಚೂರು ಎತ್ತಿ ನೋಡಿದೆ. ನೀಲವ್ವ ಯಾರಿಂದಲೂ ಕಲಿಯದೆ ಹೆಣೆದದ್ದು. ಎಳೆ ಎಳೆಯೂ ಅಣ್ಣನ ಕೈಯಂತೆಯೇ ಬಿಗಿಯಾಗಿತ್ತು. ಆಗ ಬಾಯಿ ಬಂತು.

"ಯಣ್ಣಾ, ನೇಸರಗ್ಯಾಗ ಮೂಡಲ ಗ್ವಾಡಿ ಕಟಗಿ ಗೌಡರ ಹೊಲದ್ದಲ್ಲ. ಬಿಟ್ಟ ಊರಾಗ ಹೋಗಿ ಒಂದ ಅಟ್ಟದಿಂದ ತಂದಿದ್ನಿ ನಾನು. ಇಲಿ ಹೊರ್ಯಾಗ ಸತ್ತ ಬಂದಿತ್ತು. ನೀ ಬಂದಿ ಅಂತ ಅಂಜಿ ಸಂದಿನ್ಯಾಗ ಹಾಕಿ ಮುಚ್ಚಿದ್ನಿ."

ಅವನ ಕತ್ತಿ ಬಿದಿರಿನ ಅರ್ಧಕ್ಕೆ ನಿಂತಿತು. ಬಾಗಿಲಲ್ಲಿ ನೀಲವ್ವ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಅಣ್ಣ ಕೇಳಿದ:

"ನನ್ನ ಗ್ವಾಡ್ಯಾಗ ಹುಟ್ಟಲಿಲ್ಲಾ ಅದು?"

"ಇಲ್ಲ."

"ಕೆಳಗಿಂದ ಹೊಗಲಿಲ್ಲಾ?"

"ಇಲ್ಲೋ ಯಣ್ಣಾ. ನಿನ್ನ ಗ್ವಾಡಿ ಬರೋಬರಿ ಇತ್ತು."

"ಮತ್ತ ಆಕಿ ಕೈಲೇ ಅದರ ಮ್ಯಾಲ ಮಣ್ಣ ಮೆತ್ತಿಸಿದ್ಯಾ?"

ಇದನ್ನು ಅವನು ಕೇಳುತ್ತಾನೆಂದು ನಾನು ಎಣಿಸಿರಲಿಲ್ಲ. ನಾನು ಕೆಳಗೆ ಬಾಗಿ ಅವನ ಎರಡೂ ಕಾಲು ಹಿಡಿದೆ. ಅವನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ನನ್ನನ್ನು ಎಬ್ಬಿಸಲೂ ಇಲ್ಲ.

"ಹೌದು, ಮೆತ್ತಿಸಿದ್ನಿ. ನಿಂತು ಮಣ್ಣ ಕೊಟ್ಟಾವ ನಾನಽ. ತಪ್ಪ ಆತೋ ಯಣ್ಣಾ. ನೀಲವ್ವಾ, ನೀನೂ ಕೇಳವಾ. ನಿಮ್ಮವ್ವನ್ನ ಕೊಂದದ್ದು ನಿಮ್ಮಪ್ಪನ ಗ್ವಾಡಿ ಅಲ್ಲ, ನಾನು. ಗೊತ್ತಿಲ್ಲ ಅಂತ ಹೇಳಿ ನಿಮ್ಮಪ್ಪನ ಕೈ ಕಟ್ಟಿ ಹಾಕಿದಾವನೂ ನಾನು. ಕ್ಷಮಾ ಮಾಡ್ರಿ ಅಂತ ಕೇಳಾಕ ಬಾಯಿ ಇಲ್ಲ, ಆದ್ರೂ ಕೇಳತೇನಿ. ತಪ್ಪ ಆತು. ನಂದು ತಪ್ಪ ಆತು."